ಚಾ, ಗಂಜಿ, ಒಣಸ್: ಬಂಟ್ವಾಳ ಸೀಮೆಯ ಹೊತ್ತುಹೊತ್ತಿನ ಹೆಸರುಗಳು

ಮಂಗಳೂರಿನಿಂದ ಹೊರಟ ಬೆಂಗಳೂರು ಬಸ್ಸು ನೇತ್ರಾವತಿ ದಾಟುವ ಮುಂಚೆ ನಿಲ್ಲುವ ಜಂಕ್ಷನ್ ಬಿ.ಸಿ.ರೋಡ್. ಬಂಟ್ವಾಳ ಕ್ರಾಸ್ ರೋಡ್ ಎಂಬ ಪೂರ್ತಿ ಹೆಸರನ್ನು ಈಗ ಹೇಳುವವರಿಲ್ಲ. ಇಲ್ಲಿಂದ ಒಂದು ದಾರಿ ಬಂಟ್ವಾಳ ಪೇಟೆ, ಪುಂಜಾಲಕಟ್ಟೆಯ ಮೇಲೆ ಬೆಳ್ತಂಗಡಿಗೆ ಹೋಗುತ್ತದೆ, ಮತ್ತೊಂದು ಸಿದ್ಧಕಟ್ಟೆಯ ಮೇಲೆ ಮೂಡುಬಿದಿರೆಗೆ. ಈ ಮೂರು ತಾಲೂಕಿನ ಹೆಚ್ಚಿನವರ ಮನೆಮಾತು ತುಳು. ಜೊತೆಗೆ ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಚಿತ್ಪಾವನಿ, ಮಲಯಾಳ ಉಂಟು; ಶಾಲೆ, ಕಚೇರಿ, ಆಮಂತ್ರಣ ಪತ್ರಿಕೆಗೆ ಕನ್ನಡ. ಅಕ್ಕಪಕ್ಕದ ಎರಡು ಮನೆಗಳಲ್ಲಿ ಬೆಳಗಿನ ತಿಂಡಿಗೆ ಒಬ್ಬರು ಚಾ ಅನ್ನುತ್ತಾರೆ, ಇನ್ನೊಬ್ಬರು ಕಾಪಿ ಅನ್ನುತ್ತಾರೆ. ಎರಡೂ ಕಡೆ ಬಟ್ಟಲಲ್ಲಿ ಇರುವುದು ತೆಳ್ಳಗಿನ ಅಕ್ಕಿದೋಸೆಯೇ. ಹೆಸರು ಬೇರೆಯಾದರೂ ಹೆಸರಿಡುವ ಲೆಕ್ಕ ಹೆಚ್ಚುಕಡಿಮೆ ಒಂದೇ. ಅನ್ನ ಬಡಿಸಿದರೆ ಊಟ, ಬಡಿಸದಿದ್ದರೆ ಅದು ಚಾ ಅಥವಾ ಪಲಾರ. ಗಂಟೆ ಎಷ್ಟಾಯಿತು ಎಂಬುದು ಆಮೇಲಿನ ವಿಚಾರ.

ಬೆಳಗ್ಗೆ: ತಿಂಡಿಗೆ ಲೋಟದ ಹೆಸರು

ತುಳುವಿನಲ್ಲಿ ಬೆಳಗ್ಗೆಗೆ ಕಾಂಡೆ ಎನ್ನುತ್ತಾರೆ. ಕಾಂಡೆದ ಚಾ ಅಂದರೆ ಲೋಟದಲ್ಲಿರುವ ಚಾ ಮಾತ್ರವೇ ಆಗಬೇಕೆಂದಿಲ್ಲ. ಅದರ ಜೊತೆಗೆ ಬರುವ ಪುಂಡಿ, ನೀರುದೋಸೆ, ಕಡುಬು, ಸಜ್ಜಿಗೆ-ಬಜಿಲ್ ಎಲ್ಲವೂ ಆ ಒಂದು ಮಾತಿನೊಳಗೆ ಸೇರಿವೆ. ಸಜ್ಜಿಗೆ ಅಂದರೆ ಉಪ್ಪಿಟ್ಟು, ಬಜಿಲ್ ಅಂದರೆ ಅವಲಕ್ಕಿ. ಎರಡನ್ನೂ ಕಲಸಿ ತಿನ್ನುವುದು ಇಲ್ಲಿನ ಹೋಟೆಲುಗಳ ಬೆಳಗಿನ ರೂಢಿ. ಬೆಳಗಿನ ತಿಂಡಿ ಏನೆಂದು ಕೇಳಬೇಕಾದರೆ ತುಳುವಿನಲ್ಲಿ ‘ಚಾಕ್ ದಾದ?’, ಈ ಕಡೆಯ ಕನ್ನಡದಲ್ಲಿ ‘ಚಾಕ್ಕೆ ಎಂತ?’. ತಿಂಡಿ ಆಯಿತೇ ಎನ್ನಲು ‘ಚಾ ಆಂಡಾ?’, ‘ಚಾ ಆಯ್ತಾ?’. ತಿಂಡಿ ಎಂಬ ಪದ ಗೊತ್ತಿಲ್ಲವೆಂದಲ್ಲ, ಹೋಟೆಲಿನಲ್ಲಿ ಅದೇ ನಡೆಯುತ್ತದೆ. ಮನೆಯೊಳಗೆ ಮಾತ್ರ ಚಾ ಮುಂದೆ, ತಿಂಡಿ ಹಿಂದೆ.

ಘಟ್ಟದ ಮೇಲಿನಿಂದ ಬಂದವರು ಎಡವುವುದು ಇಲ್ಲೇ. ರಾತ್ರಿ ಬಸ್ಸಿನಲ್ಲಿ ಬಂದಿಳಿದ ಮೈಸೂರಿನ ನೆಂಟರನ್ನು ‘ಚಾ ಆಯ್ತಾ?’ ಎಂದು ಕೇಳಿದರೆ, ಬಸ್‌ಸ್ಟ್ಯಾಂಡಿನಲ್ಲಿ ಕುಡಿದ ಅರ್ಧ ಲೋಟ ನೆನಪಾಗಿ ‘ಆಯ್ತು’ ಎನ್ನುತ್ತಾರೆ. ಲೆಕ್ಕದ ಪ್ರಕಾರ ಅವರು ಮಧ್ಯಾಹ್ನದವರೆಗೆ ಹಸಿದಿರಬೇಕು. ಪುಣ್ಯಕ್ಕೆ ಇಲ್ಲಿನ ಮನೆಯವರು ಒಂದೇ ಸಲ ಕೇಳಿ ಸುಮ್ಮನಾಗುವವರಲ್ಲ. ತಿನ್ನಲು ಏನೂ ಇಲ್ಲದ ಚಾಕ್ಕೆ ಖಾಲಿ ಚಾ ಎನ್ನುವುದೂ, ಹಾಲು ಹಾಕದ್ದಕ್ಕೆ ಕಣ್ಣ ಚಾ ಎನ್ನುವುದೂ ಈ ಕಾರಣಕ್ಕೇ ಬೇಕಾಗುತ್ತದೆ.

ವಿಟ್ಲ, ಕಲ್ಲಡ್ಕ ಸುತ್ತಿನ ಹವ್ಯಕರ ಮನೆಗಳಲ್ಲಿ ಇದೇ ಹೊತ್ತಿಗೆ ಕಾಪಿ. ‘ಉದಿಯಪ್ಪಗ ಕಾಪಿಗೆ ಎಂತರ?’ ಎಂದು ಕೇಳಿದರೆ ತೆಳ್ಳವು, ಕೊಟ್ಟಿಗೆ, ಉಂಡೆ, ಸೇಮಗೆ ಇವುಗಳಲ್ಲಿ ಒಂದು ಉತ್ತರವಾಗಿ ಬರುತ್ತದೆ. ಜೀರಿಗೆ-ಕೊತ್ತಂಬರಿಯ ಕಷಾಯ ಬಿಟ್ಟು ಬೇರೇನೂ ಮುಟ್ಟದ ಅಜ್ಜನೂ ಕಾಪಿ ಕುಡಿದೇ ತೋಟಕ್ಕೆ ಇಳಿಯುವುದು. ಬೆಳ್ತಂಗಡಿಯ ಮಲೆಯ ಬದಿಗೆ ಕೇರಳದ ತಿರುವಿದಾಂಕೂರು ಕಡೆಯಿಂದ ರಬ್ಬರ್ ಕೃಷಿಗೆ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳೂ ಬೆಳಗಿನ ತಿಂಡಿಗೆ ಕಾಪ್ಪಿ ಎಂದೇ ಹೇಳುತ್ತವೆ. ಸಿರೋ ಮಲಬಾರ್ ಸಭೆ 1999ರಲ್ಲಿ ಬೆಳ್ತಂಗಡಿಗೆ ಪ್ರತ್ಯೇಕ ಧರ್ಮಪ್ರಾಂತ ಕೊಡುವಷ್ಟು ಈ ಸಮುದಾಯ ಇಲ್ಲಿ ಬೆಳೆದಿದೆ. ಹವ್ಯಕರಿಗೂ ಇವರಿಗೂ ಅಡುಗೆಮನೆಯ ಸಂಬಂಧ ಏನೂ ಇಲ್ಲ, ಆದರೂ ಹೆಸರು ಒಂದೇ ಕಡೆ ಬಂದು ನಿಂತಿದೆ.

ಈ ಹೆಸರುಗಳು ತೀರಾ ಹಳೆಯವಾಗಿರಲು ಸಾಧ್ಯವಿಲ್ಲ. ಚಾ ಮಾರಾಟ ಹೆಚ್ಚಿಸಲೆಂದು 1903ರಲ್ಲೇ ಸೆಸ್ ಕಾಯ್ದೆ ಬಂದಿತ್ತಾದರೂ, ಇಂಡಿಯಾದೊಳಗಿನ ಜನರಿಗೆ ಚಾ ರುಚಿ ಹತ್ತಿಸುವ ದೊಡ್ಡ ಪ್ರಚಾರ ನಡೆದದ್ದು 1930ರ ದಶಕದಲ್ಲಿ. ಅದಕ್ಕಿಂತ ಮುಂಚೆ ದುಡಿಯುವವರ ಮನೆಯಲ್ಲಿ ಬೆಳಗ್ಗೆ ಇದ್ದದ್ದು ಗಂಜಿ, ಹೆಚ್ಚಾಗಿ ಹಿಂದಿನ ರಾತ್ರಿಯದು. ಆ ಹೊತ್ತಿನ ಗಂಜಿಯನ್ನು ಹೊರಗೆ ತಳ್ಳಿ ಅದರ ಜಾಗದಲ್ಲಿ ಕೂತ ಪಾನೀಯ ತಿಂಡಿಯ ಹೆಸರನ್ನೂ ತನ್ನದು ಮಾಡಿಕೊಂಡಿತು.

ಅನ್ನವಿದ್ದರೆ ಒಣಸ್

ತುಳುವಿನ ಒಣಸ್ ಕನ್ನಡದ ಉಣ್ಣು, ಉಣಿಸು ಬಳಗದ್ದು. ಮಧ್ಯಾಹ್ನದ್ದು ಮದ್ಯಾನೊದ ಒಣಸ್, ರಾತ್ರಿಯದ್ದು ರಾತ್ರೆದ ಒಣಸ್. ಎರಡರಲ್ಲೂ ನುಪ್ಪು, ಅಂದರೆ ಬೆಂದ ಅನ್ನ, ಇರಲೇಬೇಕು. ಜೊತೆಗೆ ಬರುವ ಸಾಂಬಾರು, ಮೀನುಸಾರು, ಪಲ್ಯಗಳಿಗೆಲ್ಲ ಒಟ್ಟಾಗಿ ಕಜಿಪು. ಇಲ್ಲಿನ ಕನ್ನಡದಲ್ಲಿ ಪದಾರ್ಥ. ‘ಊಟಕ್ಕೆ ಎಂತ ಪದಾರ್ಥ?’ ಎಂದು ಕೇಳುವಾಗ ಅನ್ನದ ಬಗ್ಗೆ ಪ್ರಶ್ನೆಯೇ ಇಲ್ಲ, ಅದು ಇದ್ದೇ ಇರುತ್ತದೆ.

ಎಷ್ಟು ತಿಂದರು ಎಂಬುದಕ್ಕೂ ಹೆಸರಿಗೂ ಸಂಬಂಧವಿಲ್ಲ. ಕೋಳಿಸಾರಿನ ಜೊತೆ ಹತ್ತು ನೀರುದೋಸೆ ತಿಂದವರೂ ‘ಊಟ ಬೇಡ, ಹೊಟ್ಟೆ ತುಂಬಿದೆ’ ಎನ್ನುತ್ತಾರೆಯೇ ಹೊರತು ಊಟ ಆಯಿತೆನ್ನುವುದಿಲ್ಲ. ಡಾಕ್ಟರು ಸಕ್ಕರೆ ಕಾಯಿಲೆಗೆ ರಾತ್ರಿ ಅನ್ನ ಬಿಡಿಸಿದ ಮೇಲೆ ಬಂಟ್ವಾಳದ ಹಿರಿಯರ ಬಾಯಲ್ಲಿ ಬಂದಿರುವ ಮಾತು, ‘ರಾತ್ರಿ ನನಗೆ ಊಟ ಇಲ್ಲ, ಚಪಾತಿ.’ ಕೊಂಕಣಿಯಲ್ಲೂ ಗೆರೆ ಇದೇ. ಅನ್ನದ ಊಟ ಮಾಡುವುದು ಜೆವ್ಚೆಂ, ಉಳಿದದ್ದನ್ನು ತಿನ್ನುವುದು ಖಾಂವ್ಚೆಂ. ಮೊಡಂಕಾಪಿನ ಕ್ರೈಸ್ತರಲ್ಲಿ ಊಟಕ್ಕೆ ಜೆವಾಣ್, ಬಂಟ್ವಾಳ ಪೇಟೆಯ ಗೌಡ ಸಾರಸ್ವತರಲ್ಲಿ ಜೇವಣ. ಬ್ಯಾರಿಗಳ ಅನ್ನ ಚೋರು. ಮಲಯಾಳಿಗಳ ಮಧ್ಯಾಹ್ನದ ಊಟ ಊಣ್, ರಾತ್ರಿಯದು ಅತ್ತಾಳಂ.

ಎರಡು ಅಕ್ಕಿ

ಅನ್ನವೆಂದರೆ ಇಲ್ಲಿ ಕುಚ್ಚಲಕ್ಕಿಯ ಅನ್ನ, ತುಳುವಿನ ಉರ್ಪೆಲ್. ಭತ್ತವನ್ನು ಮೊದಲು ಹಂಡೆಯಲ್ಲಿ ಬೇಯಿಸಿ, ಅಂಗಳದಲ್ಲಿ ಒಣಗಿಸಿ, ಆಮೇಲೆ ಅಕ್ಕಿ ಮಾಡುತ್ತಾರೆ. ಬೇಯಿಸದೆ ಮಾಡಿದ ಬಿಳಿ ಅಕ್ಕಿಗೆ ಬೆಳ್ತಿಗೆ. ಒಂದೊಂದು ಹೊತ್ತಿಗೆ ಒಂದೊಂದು ಹೆಸರು ಯಾಕೆ ಅಂಟಿತು ಎನ್ನುವುದಕ್ಕೆ ಅರ್ಧ ಉತ್ತರ ಈ ಎರಡು ಅಕ್ಕಿಗಳಲ್ಲಿ ಸಿಗುತ್ತದೆ.

ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು. ಬೆಳಗಿನ ಚಾ ಮುಗಿದ ಕೂಡಲೇ ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಇಡುತ್ತಾರೆ. ನೀರು ಮರಳತೊಡಗಿದಾಗ ತೊಳೆದ ಅಕ್ಕಿ ಬೀಳುತ್ತದೆ. ಸೌದೆ ಒಲೆಯಾದರೆ ಒಂದು ಗಂಟೆಗೂ ಮೇಲೆ ಕುದಿಯಬೇಕು. ನಡುವೆ ಸೌಟಿನಲ್ಲಿ ನಾಲ್ಕು ಅಗುಳು ಎತ್ತಿ ಬೆರಳಲ್ಲಿ ಒತ್ತಿ ನೋಡುತ್ತಾರೆ. ಒಳಗೆ ಗಟ್ಟಿ ಇದ್ದರೆ ಇನ್ನೊಂದು ಕೊಳ್ಳಿ ಮುಂದಕ್ಕೆ. ಬೆಂದ ಮೇಲೆ ಪಾತ್ರೆಯ ಬಾಯಿಗೆ ಮುಚ್ಚಳ ಒತ್ತಿ ಹಿಡಿದು ಓರೆ ಮಾಡಿದರೆ ಇಳಿದು ಬರುವ ಕೆನೆಯ ಬಣ್ಣದ ಗಂಜಿನೀರಿಗೆ ತುಳುವಿನಲ್ಲಿ ತೆಳಿ. ಉಪ್ಪು ಹಾಕಿ ಆ ಬಿಸಿ ತೆಳಿಯನ್ನೇ ಒಂದು ಲೋಟ ಕುಡಿಯುವವರು ಈಗಲೂ ಇದ್ದಾರೆ. ಗ್ಯಾಸ್ ಬಂದ ಮನೆಗಳಲ್ಲಿ ಕುಕ್ಕರ್ ಈ ಕೆಲಸ ಮಾಡುತ್ತದೆ. ಹೇಗೆ ಬೇಯಿಸಿದರೂ ದಿನಕ್ಕೆ ಒಂದೇ ಸಲ. ಮಧ್ಯಾಹ್ನಕ್ಕೂ ರಾತ್ರಿಗೂ ಅದೇ ಅನ್ನ. ಬೆಳಗ್ಗೆ ಏಳಕ್ಕೆ ಕುಚ್ಚಲಕ್ಕಿ ಅನ್ನ ಬಿಸಿಬಿಸಿ ಬಡಿಸುವುದು ಆಗಹೋಗುವ ಮಾತಲ್ಲ. ಹಾಗಾಗಿ ಬೆಳಗ್ಗೆಗೆ ಹಿಂದಿನ ದಿನ ನೆನೆಸಿ ರುಬ್ಬಿಟ್ಟ ಅಕ್ಕಿ, ಹೆಚ್ಚಾಗಿ ಬೆಳ್ತಿಗೆ.

2013ರಲ್ಲಿ ಅನ್ನಭಾಗ್ಯ ಬಂದು ರೇಷನ್ ಅಂಗಡಿಯ ಬಿಳಿ ಅಕ್ಕಿ ಮನೆಗೆ ಧಾರಾಳವಾಗಿ ಬಂತು. ಹೆಸರಿನಲ್ಲೇ ಅನ್ನ ಇದ್ದರೂ ಇಲ್ಲಿನ ಎಷ್ಟೋ ಮನೆಗಳಲ್ಲಿ ಆ ಅಕ್ಕಿ ಅನ್ನವಾಗಲಿಲ್ಲ, ದೋಸೆಯಾಯಿತು. ಊಟಕ್ಕೆ ಕುಚ್ಚಲಕ್ಕಿಯನ್ನು ಅಂಗಡಿಯಿಂದ ಬೇರೆ ತರುತ್ತಾರೆ. ರೇಷನ್ನಿನಲ್ಲೇ ಕುಚ್ಚಲಕ್ಕಿ ಕೊಡಿ ಎಂಬುದು ಕರಾವಳಿಯ ಬಹುಕಾಲದ ಬೇಡಿಕೆ.

ದೇವರ ನೈವೇದ್ಯಕ್ಕೆ, ಬ್ರಾಹ್ಮಣರ ಹಬ್ಬದೂಟಕ್ಕೆ ಮಾತ್ರ ಬೆಳ್ತಿಗೆಯೇ ಆಗಬೇಕು. ಕುಚ್ಚಲು ಒಮ್ಮೆ ಬೆಂದದ್ದು, ಅದು ನೈವೇದ್ಯಕ್ಕೆ ಸಲ್ಲದು ಎಂಬ ಭಾವನೆ.

ಗಂಜಿಯ ಜಾಗ

ಗಂಜಿ ಊಟವೋ ಅಲ್ಲವೋ ಎಂಬ ಪ್ರಶ್ನೆ ಇಲ್ಲಿ ಏಳುವುದಿಲ್ಲ. ಅದರಲ್ಲಿ ಅಗುಳು ಇದೆ, ಆದ್ದರಿಂದ ಊಟ. ಹೋಟೆಲಿನ ಬೋರ್ಡಿನಲ್ಲೂ ‘ಗಂಜಿ ಊಟ’ ಎಂದೇ ಬರೆದಿರುತ್ತಾರೆ. ಜೊತೆಗೆ ಹುರುಳಿ ಚಟ್ನಿ, ಒಣಮೀನಿನ ಚಟ್ನಿ, ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಮಾವಿನಕಾಯಿ. ಕೊಂಕಣಿಯ ಎರಡೂ ಸಮುದಾಯಗಳಲ್ಲಿ ಇದಕ್ಕೆ ಪೇಜ್ ಅಥವಾ ಪೇಜ. ಜ್ವರ ಬಂದವರಿಗೂ ಪೇಜ್, ಉಪವಾಸ ಬಿಟ್ಟವರಿಗೂ ಪೇಜ್.

ಒಂದು ಕಾಲಕ್ಕೆ ಗಂಜಿ ಎಂಬ ಹೆಸರಿನಲ್ಲಿ ಬಡತನವೂ ಇತ್ತು. ಗೇಣಿ ಪದ್ಧತಿಯಿದ್ದಾಗ ಬೆಳೆದದ್ದರ ದೊಡ್ಡ ಪಾಲು ಅಕ್ಕಿಮುಡಿಗಳಾಗಿ ಧಣಿಯ ಮನೆ ಸೇರುತ್ತಿತ್ತು. ಬೈಹುಲ್ಲಿನ ಹಗ್ಗ ಸುತ್ತಿ ಗುಂಡಗೆ ಕಟ್ಟಿದ ಆ ಮುಡಿಗಳು ಗಾಡಿ ಹತ್ತಿದ ಮೇಲೆ ಒಕ್ಕಲಿನ ಮನೆಯಲ್ಲಿ ಉಳಿದ ಅಕ್ಕಿ ಮುಂದಿನ ಕೊಯ್ಲಿನವರೆಗೆ ಬರಬೇಕು. ಬರಿಸುವ ದಾರಿ ಒಂದೇ, ನೀರು ಹೆಚ್ಚು ಮಾಡುವುದು. 1974ರ ಭೂಸುಧಾರಣಾ ತಿದ್ದುಪಡಿಯ ನಂತರ ದಕ್ಷಿಣ ಕನ್ನಡದ ಗೇಣಿದಾರರು ಡಿಕ್ಲರೇಶನ್ ಹಾಕಿ ಭೂಮಿಯ ಒಡೆಯರಾದರು. ಮನೆಯ ಹೆಂಗಸರು ಬೀಡಿ ಕಟ್ಟಿದ ಕಾಸೂ ಕೈಗೆ ಬರುತ್ತಿತ್ತು. ಮಧ್ಯಾಹ್ನದ ಗಂಜಿ ನುಪ್ಪಾದದ್ದು, ಬೆಳಗಿನ ಗಂಜಿ ಚಾ ಆದದ್ದು ಈ ಸುಮಾರಿನಲ್ಲೇ. ಈಗ ರೆಸಾರ್ಟುಗಳು ಮಣ್ಣಿನ ಪಾತ್ರೆಯಲ್ಲಿ ಗಂಜಿ ಕೊಟ್ಟು ಒಳ್ಳೆಯ ಬೆಲೆ ತೆಗೆದುಕೊಳ್ಳುತ್ತವೆ. ಅದನ್ನು ಕಂಡ ಹಿರಿಯರಿಗೆ ನಗು ಬರುವುದು ಸಹಜ.

ಹತ್ತು ಗಂಟೆ, ನಾಲ್ಕು ಗಂಟೆ

ಗಡಿಯಾರ ಮನೆಯ ಊಟಕ್ಕೆ ಹೆಸರಿಡದಿದ್ದರೂ ಕೂಲಿಯ ಕೆಲಸಕ್ಕೆ ಇಟ್ಟಿದೆ. ಅಡಿಕೆ ತೋಟದ ಕೆಲಸದವರಿಗೆ ‘ಪತ್ತ್ ಗಂಟೆದ ಚಾ’, ‘ನಾಲ್ ಗಂಟೆದ ಚಾ’ ಕೊಡಬೇಕು. ಹತ್ತರ ಚಾದ ಜೊತೆ ಅವಲಕ್ಕಿಯೋ ದೋಸೆಯೋ ಇರಲೇಬೇಕು, ಬರೀ ಲೋಟ ಕೊಟ್ಟ ಮನೆಯ ಸುದ್ದಿ ಊರಿಗೆ ಬೇಗ ಹಬ್ಬುತ್ತದೆ. ಕೂಲಿ ಮಾತಾಡುವಾಗ ‘ಚಾ, ಊಟ ಸೇರಿಯೋ, ಬಿಟ್ಟೋ?’ ಎಂದು ಮೊದಲೇ ಇತ್ಯರ್ಥ ಮಾಡಿಕೊಳ್ಳುತ್ತಾರೆ. ರಬ್ಬರ್ ಟ್ಯಾಪಿಂಗಿನವರ ದಿನ ಇನ್ನೂ ಬೇರೆ. ಬೆಳಕು ಹರಿಯುವ ಮುಂಚೆ ಕಣ್ಣ ಚಾ ಕುಡಿದು ಮರದ ಬುಡಕ್ಕೆ ಹೋಗುತ್ತಾರೆ, ಹಾಲು ಸಂಗ್ರಹಿಸಿ ಬಂದ ಮೇಲೆಯೇ ಕೂತು ತಿನ್ನುವುದು. ಅವರ ಕಾಪ್ಪಿಯ ಹೊತ್ತಿಗೆ ಪೇಟೆಯವರ ಎರಡನೇ ಚಾ ಆಗಿರುತ್ತದೆ.

ಮನೆಯವರ ಸಂಜೆಯದ್ದು ಬಯ್ಯದ ಚಾ. ಬಯ್ಯ ಅಂದರೆ ಸಂಜೆ. ಹವ್ಯಕರಲ್ಲಿ ಹೊತ್ತೋಪಗಾಣ ಚಾಯ. ಗೋಳಿಬಜೆ, ಬನ್ಸ್, ಮಳೆಗಾಲದಲ್ಲಿ ಹಲಸಿನ ಹಪ್ಪಳ. ಈ ಹೊತ್ತಿಗೆ ಒಂದು ಊರಿನ ಹೆಸರೂ ಅಂಟಿಕೊಂಡಿದೆ. ಬಿ.ಸಿ.ರೋಡಿನಿಂದ ಹೆದ್ದಾರಿಯಲ್ಲಿ ಮುಂದೆ ಹೋದರೆ ಸಿಗುವ ಕಲ್ಲಡ್ಕದ ಲಕ್ಷ್ಮೀ ನಿವಾಸ ಹೋಟೆಲಿನ ಕೆ.ಟಿ., ಅಂದರೆ ಕಲ್ಲಡ್ಕ ಟೀ. ಗಾಜಿನ ಲೋಟದಲ್ಲಿ ಬಿಳಿ ಹಾಲಿನ ಮೇಲೆ ಚಾದ ಕಣ್ಣು, ಅಂದರೆ ಡಿಕಾಕ್ಷನ್, ಬೆರೆಯದೆ ಪದರವಾಗಿ ನಿಲ್ಲುತ್ತದೆ. ಕಲಕದೆ ನೋಡುತ್ತ ಕೂರುವವರು ಪ್ರವಾಸಿಗಳು, ಊರವರು ಚಮಚ ಹಾಕಿ ಕಲಕಿ ಕುಡಿದೇಳುತ್ತಾರೆ.

ಆಸರಿಗೆ

ಹೊತ್ತಿನ ಲೆಕ್ಕಕ್ಕೆ ಸಿಗದ ಒಂದು ಉಪಚಾರ ಉಂಟು. ಮನೆಗೆ ಯಾವಾಗ ಯಾರು ಬಂದರೂ ಮೊದಲು ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ. ಹವ್ಯಕರು ‘ಆಸರಿಂಗೆ ಎಂತ ಅಕ್ಕು?’ ಎಂದು ಕೇಳುತ್ತಾರೆ. ಮಜ್ಜಿಗೆಯೋ ಪುನರ್ಪುಳಿ ಶರಬತ್ತೋ ಬಂದವರು ಹೇಳಿದಂತೆ. ಆಸರು ಅಂದರೆ ಬಾಯಾರಿಕೆ, ತುಳುವಿನಲ್ಲಿ ಅದಕ್ಕೆ ಬಾಜೆಲ್. ಶಿರಸಿ ಕಡೆಯ ಹವ್ಯಕರಲ್ಲಿ ಆಸ್ರಿ ಎಂಬ ಇದೇ ಮಾತು ಬೆಳಗಿನ ತಿಂಡಿಗೂ ಸಲ್ಲುತ್ತದೆ. ಹೀಗಾಗಿ ಎರಡು ಸೀಮೆಯ ಬೀಗರು ಮೊದಲ ಸಲ ಸೇರಿದಾಗ ಒಬ್ಬರು ಮಜ್ಜಿಗೆ ತಂದಿಟ್ಟು ಇನ್ನೊಬ್ಬರು ದೋಸೆಗೆ ಕಾಯುವ ಪ್ರಸಂಗಕ್ಕೆ ಅವಕಾಶವಿದೆ.

ರಾತ್ರಿ, ಒಪ್ಪೊತ್ತು, ಸೂರ್ಯಾಸ್ತ

ಶನಿವಾರವೋ ಸೋಮವಾರವೋ ವ್ರತವಿರುವವರು ‘ಇವತ್ತು ಒಪ್ಪೊತ್ತು’ ಎನ್ನುತ್ತಾರೆ. ಒಂದು ಹೊತ್ತು ಊಟ, ಇನ್ನೊಂದು ಹೊತ್ತು ಪಲಾರ. ಫಲಾಹಾರದಿಂದ ಬಂದ ಮಾತಾದರೂ ಹಣ್ಣು ಅದರಲ್ಲಿ ಇರಬೇಕೆಂಬ ಕಟ್ಟಳೆ ಯಾವತ್ತೋ ಹೋಗಿದೆ. ದೋಸೆ, ಅವಲಕ್ಕಿ, ಸಜ್ಜಿಗೆ ನಡೆಯುತ್ತದೆ, ಬೆಂದ ಅನ್ನ ನಡೆಯುವುದಿಲ್ಲ. ಮಡಿ ಪಾಲಿಸುವ ಮನೆಗಳಲ್ಲಿ ಅನ್ನ ಮುಸುರೆ. ಮುಟ್ಟಿದರೆ ಕೈ ತೊಳೆಯಬೇಕು, ಇಟ್ಟ ಜಾಗ ಒರೆಸಬೇಕು. ಅವಲಕ್ಕಿಗೆ ಈ ತೊಡಕಿಲ್ಲ. ಸಾರಸ್ವತರ ಏಕಾದಶಿಗೂ ಫಳಾರವೇ.

ಮೂಡುಬಿದಿರೆಗೆ ಹೋದರೆ ರಾತ್ರಿಯೂಟದ ಕಥೆಯೇ ಬೇರೆ. 1430ರಲ್ಲಿ ಕಟ್ಟಿಸಿದ ಸಾವಿರ ಕಂಬದ ಬಸದಿಯೂ ಸೇರಿ ಹದಿನೆಂಟು ಬಸದಿಗಳಿರುವ ಈ ಜೈನಕಾಶಿಯಲ್ಲಿ ವ್ರತ ಪಾಲಿಸುವ ಮನೆಗಳು ಸೂರ್ಯ ಮುಳುಗುವ ಮೊದಲೇ ಉಂಡು ಮುಗಿಸುತ್ತವೆ. ದೀಪ ಹಚ್ಚಿದ ಮೇಲೆ ಒಲೆ ಇಲ್ಲ. ಮುನಿಗಳು ಊರಿಗೆ ಬಂದಾಗ ಅವರ ಊಟಕ್ಕೆ ಊಟವೆನ್ನುವುದಿಲ್ಲ, ಆಹಾರ ಎನ್ನುತ್ತಾರೆ. ದಿಗಂಬರ ಮುನಿ ದಿನಕ್ಕೊಮ್ಮೆ ಮಾತ್ರ, ನಿಂತುಕೊಂಡು, ಅಂಗೈಯಲ್ಲೇ ಸ್ವೀಕರಿಸುವಂಥದ್ದು ಅದು. ‘ಇವತ್ತು ನಮ್ಮಲ್ಲಿ ಆಹಾರ ಆಯಿತು’ ಎಂದು ಒಂದು ಮನೆಯವರು ಹೇಳಿದರೆ ಕೇಳಿದವರಿಗೆ ವಿವರಣೆ ಬೇಡ.

ಪಾಣೆಮಂಗಳೂರಿನ ಬ್ಯಾರಿ ಮನೆಗಳಲ್ಲಿ ವರ್ಷಕ್ಕೊಂದು ತಿಂಗಳು ದಿನದ ಹೊತ್ತುಗಳೆಲ್ಲ ತಲೆಕೆಳಗು. ರಮಝಾನಿನ ಉಪವಾಸಕ್ಕೆ ನೋಂಬು. ಬೆಳಗಿನ ಜಾವದ ಊಟ ಸಹರಿ, ಸೂರ್ಯಾಸ್ತದ್ದು ಇಫ್ತಾರ್. ಖರ್ಜೂರದ ಬೆನ್ನಿಗೆ ಮಸೀದಿಯಲ್ಲಿ ಹಂಚುವುದು ಮತ್ತೆ ಗಂಜಿಯೇ.

ವರ್ಷಕ್ಕೊಮ್ಮೆ ಬರುವ ಊಟಗಳು

ಕೆಲವು ಊಟಗಳಿಗೆ ಅವುಗಳದ್ದೇ ಹೆಸರಿದೆ. ಹೊಸ ಭತ್ತದ ಅಕ್ಕಿಯನ್ನು ಮೊದಲ ಸಲ ಉಣ್ಣುವುದು ಪುದ್ವಾರ್, ಕನ್ನಡದಲ್ಲಿ ಹೊಸಕ್ಕಿ ಊಟ. ಮನೆ ಬಿಟ್ಟು ದೂರದಲ್ಲಿರುವವರೂ ತರವಾಡು ಮನೆಗೆ ಬರಬೇಕೆಂಬ ನಿರೀಕ್ಷೆ ಇರುತ್ತದೆ. ಕ್ರೈಸ್ತರಲ್ಲಿ ಇದೇ ಊಟ ಸೆಪ್ಟೆಂಬರ್ 8ರಂದು, ಮೊಂತಿ ಫೆಸ್ತಿನ ದಿನ, ನೊವೆಂ ಜೆವಾಣ್ ಎಂಬ ಹೆಸರಿನಲ್ಲಿ. ಚರ್ಚಿನಲ್ಲಿ ಆಶೀರ್ವದಿಸಿದ ತೆನೆ ಮನೆಗೆ ಬರುತ್ತದೆ, ಮೀನು-ಮಾಂಸ ಇಲ್ಲದ ಅಡುಗೆ. ಉಳಿದ ದಿನ ಮೀನಿಲ್ಲದೆ ಊಟವೇ ಇಲ್ಲವೆನ್ನುವವರೂ ಅಂದು ತರಕಾರಿಗಳನ್ನು ಎಣಿಸಿ ಬೇಯಿಸುತ್ತಾರೆ.

ಹೊಸ ಮದುವೆಯ ಜೋಡಿಯನ್ನು ನೆಂಟರು ಕರೆದು ಉಣಿಸುವುದು ತಮ್ಮನ. ಬಸುರಿಗೆ ಬಯಕೆ. ಸತ್ತವರ ಉತ್ತರಕ್ರಿಯೆಯ ದಿನ ಬೊಜ್ಜ. ‘ಬೊಜ್ಜದ ಒಣಸ್’ ಅಂದಾಗ ಸ್ವರ ತಾನಾಗಿ ತಗ್ಗುತ್ತದೆ. ಹಿರಿಯರಿಗೆ, ದೈವಗಳಿಗೆ ಬಾಳೆಲೆಯಲ್ಲಿ ಬಡಿಸಿಡುವುದು ಅಗೆಲ್. ತುಳುವರ ಮಳೆಗಾಲದ ತಿಂಗಳಾದ ಆಟಿಯ ಅಮಾವಾಸ್ಯೆಯಂದು ಬೆಳಗ್ಗೆ ಮಾತ್ರ ಚಾಕ್ಕೆ ಮೊದಲ ಜಾಗ ಇಲ್ಲ. ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದ ಹಾಲೆಮರದ ಕೆತ್ತೆಯ ಕಹಿ ಕಷಾಯ ಖಾಲಿ ಹೊಟ್ಟೆಗೆ, ಅದರ ಉಷ್ಣ ತಣಿಯಲು ಮೆಂತೆಗಂಜಿ. ಆಟಿಯ ಬಡ ಅಡುಗೆಗಳಾದ ತಜಂಕ್ ಸೊಪ್ಪು, ಬಿದಿರಿನ ಕಣಿಲೆ, ಪತ್ರೊಡೆ ಈಚೆಗೆ ‘ಆಟಿಡೊಂಜಿ ದಿನ’ ಎಂಬ ಸಭಾಭವನದ ಕಾರ್ಯಕ್ರಮಗಳಲ್ಲಿ ಭರ್ಜರಿ ಊಟವಾಗಿ ಬಡ್ತಿ ಪಡೆದಿವೆ.

ಬೋರ್ಡು, ಪತ್ರಿಕೆ, ಶಾಲೆ

ಮನೆಯಿಂದ ಹೊರಗೆ ಬಂದ ಕೂಡಲೇ ಹೆಸರುಗಳು ಅಂಗಿ ಬದಲಿಸುತ್ತವೆ. ಮದುವೆ ಕಾಗದದಲ್ಲಿ ಒಣಸ್ ಎಂದು ಯಾರೂ ಅಚ್ಚು ಹಾಕಿಸುವುದಿಲ್ಲ, ಅಲ್ಲಿ ಭೋಜನ. ದೇವಸ್ಥಾನದ ಪತ್ರಿಕೆಯಲ್ಲಿ ಅನ್ನಸಂತರ್ಪಣೆ, ಸಭೆಯ ಪತ್ರಿಕೆಯಲ್ಲಿ ಲಘು ಉಪಾಹಾರ. ಈ ಕೊನೆಯದ್ದನ್ನು ಅರ್ಧಕ್ಕರ್ಧ ಕಡೆ ‘ಉಪಹಾರ’ ಎಂದು ಬರೆಯುತ್ತಾರೆ. ಉಪಹಾರವೆಂದರೆ ಕಾಣಿಕೆ, ತಿನ್ನಲು ಬರುವುದಿಲ್ಲ. ಧರ್ಮಸ್ಥಳದ ಅನ್ನಪೂರ್ಣ ಛತ್ರದಲ್ಲಿ ದಿನವೂ ಸಾವಿರಾರು ಜನ ಸಾಲಾಗಿ ಕೂತು ಉಣ್ಣುವುದಕ್ಕೆ ಪ್ರಸಾದವೆಂದು ಹೆಸರು. ಅನ್ನ, ಔಷಧ, ವಿದ್ಯೆ, ಅಭಯ ಎಂಬ ಕ್ಷೇತ್ರದ ನಾಲ್ಕು ದಾನಗಳಲ್ಲಿ ಮೊದಲನೆಯದು ಅದು. ಅಲ್ಲಿ ಉಂಡು ಬಂದವರು ಬೆಳ್ತಂಗಡಿ ಬಸ್ಸಿನಲ್ಲಿ ‘ಊಟ ಆಯ್ತು’ ಎನ್ನುವುದಕ್ಕಿಂತ ‘ಪ್ರಸಾದ ಆಯ್ತು’ ಎನ್ನುವುದೇ ಹೆಚ್ಚು.

ಶಾಲೆ ಕೊಟ್ಟ ಹೆಸರು ಬಿಸಿಯೂಟ. 2002ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳಲ್ಲಿ ಶುರುವಾದ ಅಕ್ಷರ ದಾಸೋಹ ಯೋಜನೆ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದಕ್ಕೆ ಮುಂಚಿನವರಿಗೆ ಶಾಲೆಯ ತಿನಿಸೆಂದರೆ ಸಜ್ಜಿಗೆ, ಅಥವಾ ಮನೆಯಿಂದ ಒಯ್ದ ಬುತ್ತಿ. ಈಗಿನ ಮಕ್ಕಳು ತುಳು ಮಾತಾಡುವಾಗಲೂ ‘ಬಿಸಿಯೂಟ’ ಎಂದೇ ಹೇಳುತ್ತಾರೆ, ಅದನ್ನು ಯಾರೂ ತುಳುವಿಗೆ ತಂದಿಲ್ಲ. ಮೂಡುಬಿದಿರೆ, ಉಜಿರೆಯ ಹಾಸ್ಟೆಲುಗಳಲ್ಲಿ ವಿಜಯಪುರ, ಕಲಬುರಗಿ ಕಡೆಯ ಹುಡುಗರು ನಾಷ್ಟಾ ಎಂದರೆ ಊರಿನ ಹುಡುಗರು ಚಾ ಎನ್ನುತ್ತಾರೆ, ಮೆಸ್ಸಿನ ಗೋಡೆಯ ಪಟ್ಟಿಯಲ್ಲಿ ಬ್ರೇಕ್‌ಫಾಸ್ಟ್ ಎಂದಿರುತ್ತದೆ. ಕುಚ್ಚಲಕ್ಕಿ ಅನ್ನದ ದಪ್ಪ ಅಗುಳು ಕಂಡು ಮೊದಲ ವಾರ ಮುಖ ತಿರುಗಿಸಿದ ಉತ್ತರದವರು, ಮೂರನೇ ವರ್ಷಕ್ಕೆ ಬೆಳ್ತಿಗೆಯ ತಟ್ಟೆಯನ್ನು ದೂಡಿ ಕುಚ್ಚಲಿಗೆ ಕೈ ಚಾಚುವುದುಂಟು.